ಕಿರಿಯರೊಡನೆ: ಬಳ್ಳಾರಿ ಈರುಳ್ಳಿಯೂ ಕಡಲ ತಳದ ಚಿಪ್ಪೂ



ಕೋಯಂಬೇಡು ಮಾರುಕಟ್ಟೆಗೆ ನಮ್ಮಲ್ಲಿ ಹೋಗದವರು ಯಾರು? ಮನೆಯಲ್ಲಿ ಮದುವೆಯಿರಲಿ, ಸಂಘದ ರಾಜ್ಯೋತ್ಸವದ ಊಟವಿರಲಿ, ಚೀಲ ಹಿಡಿದು ಬೆಳಗಿನ ಜಾವಕ್ಕೆ ಅಲ್ಲಿಗೇ ಓಡಬೇಕು. ಅಲ್ಲಿ ದಪ್ಪ ಈರುಳ್ಳಿಗೆ ತಮಿಳಿನಲ್ಲಿ ಏನೆನ್ನುತ್ತಾರೆಂದು ನಿಮಗೆ ಗೊತ್ತೇ ಇದೆ: ‘ಬೆಲ್ಲಾರಿ ವೆಂಗಾಯಂ’. ನಮ್ಮ ಬಳ್ಳಾರಿಯ ಹೆಸರು ಈ ಊರಿನ ಅಡುಗೆಮನೆಯಲ್ಲಿ ದಿನವೂ ಕೇಳಿಬರುತ್ತದೆ. ಕನ್ನಡಿಗರಿಗೆ ಹೆಮ್ಮೆಯೇ ಸರಿ!

ಈಚೆಗೆ ಒಂದು ದಿನ ನೆರೆಮನೆಯ ಗೆಳೆಯರೊಂದಿಗೆ ಅಲ್ಲಿಗೆ ಹೋಗಿದ್ದೆ. ಭೂವಿಜ್ಞಾನ ಓದುತ್ತಿರುವ ಅವರ ಮಗಳೂ ಜೊತೆಗಿದ್ದಳು. ಅಂಗಡಿಯವನು ಒಂದು ಈರುಳ್ಳಿಯನ್ನು ಕೈಯಲ್ಲಿ ತಿರುಗಿಸಿ ನೋಡಿ, “ಇದು ಮಹಾರಾಷ್ಟ್ರದ ಮಾಲು, ಇದು ಕರ್ನಾಟಕದ್ದು, ಮಳೆಗೆ ಸಿಕ್ಕಿದೆ, ಬೇಗ ಕೊಳೆಯುತ್ತದೆ” ಎಂದ. ಹೆಸರು ಎರಡಕ್ಕೂ ಬೆಲ್ಲಾರಿಯೇ. ಆದರೆ ಸಿಪ್ಪೆಯ ಬಣ್ಣ, ಕತ್ತಿನ ದಪ್ಪ, ತೇವ ನೋಡಿ ಅವನು ಮಣ್ಣನ್ನೂ ಮಳೆಯನ್ನೂ ಹೇಳಿಬಿಟ್ಟ.

“ಮಾಮಾ, ನಾನು ಮಾಡಬೇಕೆಂದಿರುವ ಕೆಲಸವೂ ಇದೇ. ಈರುಳ್ಳಿಯ ಬದಲು ಚಿಪ್ಪು, ಅಷ್ಟೇ” ಎಂದಳು ಹುಡುಗಿ.

ಅವಳ ತಂದೆ ನಕ್ಕು, “ಕಡಲ ಕೆಸರು ತೊಳೆದು ಚಿಪ್ಪು ಎಣಿಸುತ್ತಾಳಂತೆ. ಅದರಿಂದ ಹೊಟ್ಟೆ ತುಂಬುತ್ತದೆಯೇ? ನೀವಾದರೂ ಬುದ್ಧಿ ಹೇಳಿ” ಎಂದರು. ನಾನು ಬುದ್ಧಿ ಹೇಳಲಿಲ್ಲ. ಕೇಳಿದೆ. ಕೇಳಿದ್ದನ್ನೂ, ಆಮೇಲೆ ಓದಿ ತಿಳಿದದ್ದನ್ನೂ ಈ ಸಲ ನಿಮ್ಮ ಮುಂದಿಡುತ್ತಿದ್ದೇನೆ.

ಹೊಲಕ್ಕೆ ಗೊಬ್ಬರ ಬೇಕಾದಂತೆ ಕಡಲಿಗೂ ಬೇಕು. ನೈಟ್ರೇಟು, ಫಾಸ್ಫೇಟು ಮುಂತಾದ ಪೋಷಕಾಂಶಗಳೇ ಕಡಲಿನ ಗೊಬ್ಬರ. ಬಿಸಿಲು ಬೀಳುವ ಮೇಲ್ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕ ಸಸ್ಯಗಳು ಇದನ್ನು ಉಂಡು ಬೆಳೆಯುತ್ತವೆ. ಅವನ್ನು ಚಿಕ್ಕ ಪ್ರಾಣಿಗಳು ತಿನ್ನುತ್ತವೆ, ಅವನ್ನು ಮೀನುಗಳು ತಿನ್ನುತ್ತವೆ. ಆದರೆ ಸತ್ತದ್ದೆಲ್ಲ ಕೆಳಗೆ ಮುಳುಗುವುದರಿಂದ ಗೊಬ್ಬರವೂ ಆಳಕ್ಕೆ ಇಳಿದುಹೋಗುತ್ತದೆ. ಗಾಳಿ ಬೀಸಿ, ನೀರು ಕಲಕಿ, ಆಳದ ನೀರು ಮೇಲೆ ಬಂದರೆ ಮಾತ್ರ ಕಡಲು ಮತ್ತೆ ಫಲವತ್ತಾಗುತ್ತದೆ. ಮಳೆಗಾಲದಲ್ಲಿ ನಮ್ಮ ಕರಾವಳಿಯ ಅರಬ್ಬೀ ಸಮುದ್ರದಲ್ಲಿ ನಡೆಯುವುದು ಇದೇ. ಮಂಗಳೂರಿನವರ ಬೂತಾಯಿ ಮೀನಿನ ಹಿಂದೆ ಈ ಕಲಕಾಟವಿದೆ.

ಸಾವಿರಾರು ವರ್ಷಗಳ ಹಿಂದೆ ಕಡಲಿನಲ್ಲಿ ಗೊಬ್ಬರ ಎಷ್ಟಿತ್ತೆಂದು ಯಾರನ್ನು ಕೇಳುವುದು? ಇಲ್ಲಿ ಫೊರಾಮಿನಿಫೆರಾ ಎಂಬ ಜೀವಿಗಳು ಸಾಕ್ಷಿ ಹೇಳುತ್ತವೆ. ಇವು ಒಂದೇ ಜೀವಕೋಶದವು, ಹೆಚ್ಚಿನವು ಮರಳಿನ ಕಣದಷ್ಟೇ ದೊಡ್ಡವು. ಬಹುಪಾಲು ಜಾತಿಗಳು ಸುಣ್ಣದ ಚಿಪ್ಪು ಕಟ್ಟುತ್ತವೆ. ಕೆಲವು ಮೇಲ್ನೀರಿನಲ್ಲಿ ತೇಲುತ್ತವೆ, ಕೆಲವು ತಳದಲ್ಲಿ ಬಾಳುತ್ತವೆ. ಸತ್ತ ಮೇಲೆ ಚಿಪ್ಪುಗಳು ಕೆಸರಿನಲ್ಲಿ ಪದರ ಪದರವಾಗಿ ಕೂಡಿಕೊಳ್ಳುತ್ತವೆ. ಅಜ್ಜಿಯ ಟ್ರಂಕಿನಲ್ಲಿ ಹಳೆಯ ಸೀರೆ ಅಡಿಯಲ್ಲಿ, ಹೊಸದು ಮೇಲೆ ಇರುವಂತೆ.

ಚಿಪ್ಪು ಕಟ್ಟುವಾಗ ಜೀವಿಯು ಸುತ್ತಲಿನ ನೀರಿನಿಂದ ಕ್ಯಾಲ್ಸಿಯಂ ಹೀರುತ್ತದೆ. ಅದರೊಡನೆ ಒಂದಿಷ್ಟು ಕ್ಯಾಡ್ಮಿಯಂ ಕೂಡ ಸೇರಿಬಿಡುತ್ತದೆ. ಕಡಲಿನಲ್ಲಿ ಫಾಸ್ಫೇಟು ಹೆಚ್ಚಿರುವಲ್ಲಿ ಕ್ಯಾಡ್ಮಿಯಮ್ಮೂ ಹೆಚ್ಚು, ಕಡಿಮೆ ಇರುವಲ್ಲಿ ಕಡಿಮೆ ಎಂಬುದನ್ನು 1976ರಲ್ಲಿ ಎಡ್ವರ್ಡ್ ಬಾಯ್ಲ್ ಮತ್ತು ಸಂಗಡಿಗರು ತೋರಿಸಿದರು. ಆಮೇಲೆ ಬಾಯ್ಲ್ ಅವರು ತಳದಲ್ಲಿ ಬಾಳುವ ಜಾತಿಗಳ ಚಿಪ್ಪಿನಲ್ಲಿ ಕ್ಯಾಡ್ಮಿಯಂ ಅಳೆದು ಹಳೆಯ ಕಡಲಿನ ಪೋಷಕಾಂಶವನ್ನು ಲೆಕ್ಕ ಹಾಕುವ ದಾರಿ ತೆರೆದರು. ಚಿಪ್ಪಿನ ಇಂಗಾಲ, ಸಾರಜನಕಗಳ ಐಸೋಟೋಪುಗಳೂ ಇಂಥ ಸುಳಿವು ಕೊಡುತ್ತವೆ. ಮೆಗ್ನೀಸಿಯಂ ನೀರಿನ ಬಿಸಿಯನ್ನು ಹೇಳುತ್ತದೆ. ಯಾವ ಜಾತಿಯ ಚಿಪ್ಪು ಎಷ್ಟಿದೆ ಎಂದು ಎಣಿಸುವುದೂ ಮುಖ್ಯ. ಫಲವತ್ತಾದ ನೀರನ್ನೇ ಬಯಸುವ ಜಾತಿ ಹೆಚ್ಚಿದ್ದರೆ ಆ ಕಾಲದಲ್ಲಿ ಗೊಬ್ಬರ ಚೆನ್ನಾಗಿತ್ತೆಂದು ಅರ್ಥ. ನಮ್ಮ ಹುಡುಗಿ ಎಣಿಸಬೇಕೆಂದಿರುವುದು ಇದನ್ನೇ.

ಇದೆಲ್ಲ ಪರದೇಶದ ಕಥೆಯಲ್ಲ. 1966ರಲ್ಲಿ ಸ್ಥಾಪನೆಯಾದ, ಗೋವಾದಲ್ಲಿರುವ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯ ರಾಜೀವ್ ನಿಗಮ್ ಮತ್ತು ಸಂಗಡಿಗರು ನಮ್ಮ ಕಾರವಾರದ ಎದುರಿನ ಕಡಲ ತಳದ ಕೆಸರನ್ನೇ ಓದಿದರು. ಒಂದು ಜಾತಿಯ ಚಿಪ್ಪಿನ ಮೊದಲ ಕೋಣೆಯ ಗಾತ್ರ ಅಳೆದು ಹಳೆಯ ಮಳೆಗಾಲಗಳ ಏರಿಳಿತವನ್ನು ಕಂಡುಕೊಂಡರು. ಸುಮಾರು 77 ವರ್ಷಗಳಿಗೊಮ್ಮೆ ಬರಗಾಲದ ಆವರ್ತನೆಯ ಗುರುತಿದೆ ಎಂದು 1995ರಲ್ಲಿ ಬರೆದರು.

ಈಗ ಚೆನ್ನೈಯವರಾದ ನಮ್ಮ ಕಡಲಿಗೆ ಬರೋಣ. ಬಂಗಾಳ ಕೊಲ್ಲಿಗೆ ಗಂಗೆ, ಬ್ರಹ್ಮಪುತ್ರೆ, ಮಹಾನದಿ, ಗೋದಾವರಿಗಳ ಜೊತೆಗೆ ನಮ್ಮ ಕೃಷ್ಣೆ, ಕಾವೇರಿಯರೂ ಸೇರುತ್ತಾರೆ. ವಿಶ್ವದ ಕಡಲಿನ ವಿಸ್ತಾರದಲ್ಲಿ ಇದರ ಪಾಲು ಶೇಕಡಾ 1ಕ್ಕೂ ಕಡಿಮೆ. ಆದರೆ ಮೀನಿನ ಉತ್ಪನ್ನದಲ್ಲಿ ಸುಮಾರು ಶೇಕಡಾ 8. ಈ ಕೊಲ್ಲಿಯ ತಳದಿಂದ ‘ಜಾಯ್ಡಿಸ್ ರೆಸಲ್ಯೂಷನ್’ ಎಂಬ ಹಡಗು ಕೊರೆದು ತೆಗೆದ ಕೆಸರಿನ ಚಿಪ್ಪುಗಳನ್ನು ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದ ಕೌಸ್ತುಭ್ ತಿರುಮಲೈ ಮತ್ತು ಸಂಗಡಿಗರು ಪರೀಕ್ಷಿಸಿ, 2025ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಿಂದಿನ 22,000 ವರ್ಷಗಳ ಲೆಕ್ಕ ಅದು.

ಅವರು ಕಂಡದ್ದು ಸೋಜಿಗದ ಸಂಗತಿ. ಸುಮಾರು 17,500ರಿಂದ 15,500 ವರ್ಷಗಳ ಹಿಂದೆ ಮುಂಗಾರು ತೀರ ಸೊರಗಿತ್ತು. ಆಗ ಕಡಲಿನ ಮೇಲ್ನೀರಿನಲ್ಲಿ ಆಹಾರ ಕುಸಿದಿತ್ತು. ಸುಮಾರು 10,500ರಿಂದ 9,500 ವರ್ಷಗಳ ಹಿಂದೆ ಮುಂಗಾರು ಅಬ್ಬರಿಸಿತ್ತು. ಆಗಲೂ ಆಹಾರ ಕುಸಿದಿತ್ತು! ಇಂಥ ವಿಪರೀತ ಕಾಲಗಳಲ್ಲಿ ಇಳಿಕೆ ಅರ್ಧದವರೆಗೂ ಹೋಗಿತ್ತು. ಕಾರಣ ಹೀಗೆ: ಮಳೆ ಅತಿಯಾದರೆ ನದಿಗಳ ಸಿಹಿನೀರು ಹಗುರವಾದ್ದರಿಂದ ಉಪ್ಪುನೀರಿನ ಮೇಲೆ ಮುಚ್ಚಳದಂತೆ ಕೂತುಬಿಡುತ್ತದೆ, ಆಳದ ಗೊಬ್ಬರ ಮೇಲೆ ಬರಲಾರದು. ಮುಂಗಾರು ಸೊರಗಿದರೆ ನೀರನ್ನು ಕಲಕುವ ಗಾಳಿ, ಪ್ರವಾಹಗಳೇ ಸೊರಗುತ್ತವೆ, ಆಗಲೂ ಗೊಬ್ಬರ ಕೆಳಗೇ ಉಳಿಯುತ್ತದೆ. ಅತಿಯಾದರೆ ಅಮೃತವೂ ವಿಷ ಎಂದು ನಮ್ಮ ಹಿರಿಯರು ಹೇಳಿದ್ದು ಕಡಲಿಗೂ ಒಪ್ಪುತ್ತದೆ.

ಭೂಮಿ ಬಿಸಿಯಾಗುತ್ತಿರುವ ಈ ದಿನಗಳಲ್ಲಿ ಮುಂಗಾರು ಮತ್ತಷ್ಟು ಜೋರಾಗಿ, ಮತ್ತಷ್ಟು ಏರುಪೇರಾಗಬಹುದೆಂದು ವಿಜ್ಞಾನಿಗಳು ಎಣಿಸುತ್ತಾರೆ. ಜೊತೆಗೆ ಬಿಸಿಯಾದ ಮೇಲ್ನೀರು ತಾನೇ ಒಂದು ಮುಚ್ಚಳ. ಹಾಗಾದರೆ ಕಾಸಿಮೇಡಿನ ದೋಣಿಯವರ ಗತಿ? ಕೊಲ್ಲಿಯ ಸುತ್ತ ಮೀನನ್ನೇ ನಂಬಿದ ಲಕ್ಷಾಂತರ ಸಂಸಾರಗಳ ಗತಿ? ನಾಳೆ ಏನಾದೀತೆಂದು ಊಹಿಸಲು ನಿನ್ನೆಯ ಲೆಕ್ಕ ಬೇಕು. ಆ ಲೆಕ್ಕದ ಪುಸ್ತಕ ಕಡಲ ತಳದಲ್ಲಿದೆ.

ಗೆಳೆಯರಿಗೆ ಇದನ್ನೇ ಹೇಳಿದೆ: “ನಿಮ್ಮ ಮಗಳು ಎಣಿಸುವುದು ಚಿಪ್ಪನ್ನಲ್ಲ, ಮುಂದಿನವರ ಅನ್ನವನ್ನು.” ಅವರು ಉತ್ತರ ಕೊಡಲಿಲ್ಲ. ಆದರೆ ಹಿಂತಿರುಗುವಾಗ ಆಟೋದಲ್ಲಿ ಮೆಲ್ಲಗೆ, “ಅದನ್ನು ಓದಲು ಎಷ್ಟು ವರ್ಷ ಬೇಕಮ್ಮ? ಗೋವಾಕ್ಕೇ ಹೋಗಬೇಕಾ?” ಎಂದು ಕೇಳಿದರು. ಹುಡುಗಿ ನನ್ನ ಕಡೆ ನೋಡಿ ನಕ್ಕಳು. ಇನ್ನೂ ತೀರ್ಮಾನವಾಗಿಲ್ಲ. ಆದರೂ ಪ್ರಶ್ನೆ ಬದಲಾಗಿದೆಯಲ್ಲ, ಅದೇ ನನಗೆ ಸಂತೋಷ.

ಗೋವಾಕ್ಕೆ ಹೋಗದೆಯೂ ಈ ವಿದ್ಯೆಗೆ ಹತ್ತಿರವಾಗಬಹುದು. ನಮ್ಮ ಪಳ್ಳಿಕರಣೈಯಲ್ಲೇ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯಿದೆ. ಅದು 1993ರಲ್ಲಿ ಆರಂಭವಾಯಿತು. ನಿಮ್ಮಲ್ಲಿ ಎಷ್ಟು ಮಂದಿಗೆ ಇದು ಗೊತ್ತಿತ್ತು?

ಈ ತಿಂಗಳು ನಿಮಗೊಂದು ಕೆಲಸ. ಬೆಸೆಂಟ್ ನಗರದ ತೀರಕ್ಕೆ ಹೋದಾಗ ಒಂದು ಚಿಟಿಕೆ ಮರಳನ್ನು ಕಾಗದದಲ್ಲಿ ಕಟ್ಟಿ ತನ್ನಿ. ಒಣಗಿಸಿ, ಕಪ್ಪು ಹಾಳೆಯ ಮೇಲೆ ಹರಡಿ, ಒಳ್ಳೆಯ ಭೂತಗನ್ನಡಿಯಿಂದ ನೋಡಿ. ಸುರುಳಿಯಂತೆ, ಪುಟ್ಟ ಕೋಣೆಗಳನ್ನು ಜೋಡಿಸಿದಂತೆ ಏನಾದರೂ ಕಂಡರೂ ಕಾಣಬಹುದು. ಕಂಡದ್ದನ್ನು ಚಿತ್ರ ಬರೆದು, ಕನ್ನಡದಲ್ಲೇ ನಾಲ್ಕು ಸಾಲು ಸೇರಿಸಿ ಸಂಘಕ್ಕೆ ಕಳುಹಿಸಿ. ಕಾಗುಣಿತ ತಪ್ಪಾದರೆ ಚಿಂತೆಯಿಲ್ಲ, ಅಮ್ಮನನ್ನೋ ಅಜ್ಜಿಯನ್ನೋ ಕೇಳಿ ತಿದ್ದಿಕೊಳ್ಳಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಸೇರೋಣ.