ಪ್ರತಿಜ್ಞೆ ಮಾಡಿಸಿದರೆ ಸಾಕೇ?

ನಮ್ಮ ಶಾಲೆಗಳಿಗೆ ಪ್ರತಿಜ್ಞೆ ಎಂಬುದು ಹೊಸತೇನಲ್ಲ. ಭಾರತೀಯರೆಲ್ಲರೂ ನನ್ನ ಸಹೋದರ ಸಹೋದರಿಯರು ಎಂದು ಬಲಗೈ ಮುಂದೆ ಚಾಚಿ ಹೇಳುವ ಮಗುವಿಗೆ, ಆ ಮಾತುಗಳನ್ನು 1962ರಲ್ಲಿ ಪೈಡಿಮರ್ರಿ ವೆಂಕಟ ಸುಬ್ಬರಾಯರು ತೆಲುಗಿನಲ್ಲಿ ಬರೆದರೆಂಬುದು ತಿಳಿದಿರಲಾರದು. ಆದರೆ ಹತ್ತನೆಯ ತರಗತಿ ಮುಗಿಸುವಷ್ಟರಲ್ಲಿ ಅದೇ ಮಗು ಆ ಪ್ರತಿಜ್ಞೆಯನ್ನು ನೂರಾರು ಸಲ ಉಚ್ಚರಿಸಿರುತ್ತದೆ. ಎಲ್ಲರೂ ಸಹೋದರಿಯರಾದರೆ ಮದುವೆಯಾಗುವುದು ಯಾರನ್ನು ಎಂಬ ಹಳೆಯ ತಮಾಷೆಯೂ ಅಷ್ಟೇ ಸಲ ಹಿಂದಿನ ಸಾಲಿನ ಹುಡುಗರ ಬಾಯಲ್ಲಿ ಬಂದಿರುತ್ತದೆ. ದಿನವೂ ಒಕ್ಕೊರಲಿನಿಂದ ಹೇಳಿಸುವ ಮಾತಿಗೆ ಒದಗುವ ಗತಿಯನ್ನು ಆ ತಮಾಷೆಯೇ ಸೂಚಿಸುತ್ತದೆ.

ಹೆಣ್ಣುಮಗಳೊಬ್ಬಳ ಮೇಲೆ ಘೋರ ಕೃತ್ಯ ನಡೆದು ದೇಶ ತಲ್ಲಣಿಸಿದಾಗಲೆಲ್ಲ, ಗಂಡುಮಕ್ಕಳಿಂದ ಶಾಲೆಯಲ್ಲೇ ಪ್ರತಿಜ್ಞೆ ಮಾಡಿಸಬೇಕೆಂಬ ಸಲಹೆ ಕೇಳಿಬರುತ್ತದೆ. ಹೈದರಾಬಾದ್ ಮತ್ತು ಉನ್ನಾವ್ ಪ್ರಕರಣಗಳ ಬೆನ್ನಲ್ಲೇ, 2019ರ ಡಿಸೆಂಬರಿನಲ್ಲಿ, ದೆಹಲಿಯ ಅಂದಿನ ಮುಖ್ಯಮಂತ್ರಿ ಅರವಿಂದ ಕೇಜ್ರಿವಾಲರು ಅಂತಹದೊಂದು ಕಾರ್ಯಕ್ರಮವನ್ನು ಸಾರಿದರು. ಹೆಣ್ಣುಮಕ್ಕಳೊಡನೆ ಎಂದೂ ಅನುಚಿತವಾಗಿ ವರ್ತಿಸುವುದಿಲ್ಲವೆಂದು ರಾಜಧಾನಿಯ ಶಾಲೆಗಳ ಬಾಲಕರು ಪ್ರತಿಜ್ಞೆ ಮಾಡಬೇಕೆಂಬುದು ಅದರ ಉದ್ದೇಶ. ಐದು ತಿಂಗಳು ಕಳೆಯುವುದರೊಳಗೆ, 2020ರ ಮೇ ತಿಂಗಳಲ್ಲಿ, ಅದೇ ದೆಹಲಿಯ ಶಾಲಾ ಬಾಲಕರು ಇನ್‌ಸ್ಟಾಗ್ರಾಮಿನಲ್ಲಿ ಗುಂಪೊಂದನ್ನು ಕಟ್ಟಿಕೊಂಡು, ಪರಿಚಿತ ಬಾಲಕಿಯರ ಚಿತ್ರಗಳನ್ನು ಹಂಚಿ ಹೀನವಾದ ಮಾತುಗಳನ್ನಾಡುತ್ತಿದ್ದ ಸಂಗತಿ ಬಯಲಾಯಿತು. ಪ್ರತಿಜ್ಞೆಯನ್ನು ಹಳಿಯುವುದಕ್ಕಾಗಿ ಇದನ್ನು ನೆನಪಿಸುತ್ತಿಲ್ಲ. ಶಾಲೆಯ ಅಂಗಳದಲ್ಲಿ ಕೈಚಾಚಿ ನಿಲ್ಲುವ ಹುಡುಗ ಬೇರೆ, ಗೆಳೆಯರ ಗುಂಪಿನಲ್ಲಿ ಮೊಬೈಲು ಹಿಡಿದು ಕೂರುವ ಹುಡುಗ ಬೇರೆ. ಮೊದಲನೆಯವನಿಂದ ಪಡೆದ ಮಾತು ಎರಡನೆಯವನನ್ನು ತಲಪುವುದು ಹೇಗೆ ಎಂಬುದೇ ನಮ್ಮ ಮುಂದಿರುವ ಪ್ರಶ್ನೆ.

ಪ್ರತಿಜ್ಞೆಗೆ ಯಾವ ಬೆಲೆಯೂ ಇಲ್ಲವೆಂದು ಹೇಳುವವರು ನಾವಲ್ಲ. ಜ್ಞಾನಸ್ನಾನದ ವಾಗ್ದಾನಗಳನ್ನು ಪ್ರತಿ ಪಾಸ್ಖ ಜಾಗರಣೆಯ ರಾತ್ರಿ ಮೇಣದ ಬತ್ತಿ ಹಿಡಿದು ನವೀಕರಿಸುವ ಜನ ನಾವು. ಮದುವೆಯನ್ನೂ ಸನ್ಯಾಸವನ್ನೂ ಮಾತಿನ ಮೇಲೆಯೇ ಕಟ್ಟುವವರು. 1989ರ ಡಿಸೆಂಬರ್ 6ರಂದು ಕೆನಡಾದ ಮಾಂಟ್ರಿಯಲ್ ನಗರದ ಇಂಜಿನಿಯರಿಂಗ್ ಕಾಲೇಜಿಗೆ ನುಗ್ಗಿದ ಬಂದೂಕುಧಾರಿಯೊಬ್ಬ, ತರಗತಿಯಲ್ಲಿ ಗಂಡಸರನ್ನು ಹೊರಗೆ ಕಳುಹಿಸಿ ಹೆಂಗಸರತ್ತ ಗುಂಡು ಹಾರಿಸಿದನು. ಅಂದು ಒಟ್ಟು 14 ಮಹಿಳೆಯರು ಪ್ರಾಣ ಕಳೆದುಕೊಂಡರು. ಆ ದುಃಖದಿಂದ 1991ರಲ್ಲಿ ಹುಟ್ಟಿದ ಬಿಳಿ ರಿಬ್ಬನ್ ಚಳವಳಿಯಲ್ಲಿ ಗಂಡಸರೇ ಗಂಡಸರಿಂದ ಮಾತು ಪಡೆದರು: ಸ್ತ್ರೀಯರ ಮೇಲೆ ಹಿಂಸೆ ಎಸಗುವುದಿಲ್ಲ, ಅದನ್ನು ಮನ್ನಿಸುವುದಿಲ್ಲ, ಕಂಡು ಸುಮ್ಮನಿರುವುದೂ ಇಲ್ಲ. ಈ ಮೂರರಲ್ಲಿ ಕೊನೆಯದೇ ಕಠಿಣವಾದದ್ದು. ತಾನು ಕೆಡುಕು ಮಾಡೆನೆಂದು ಹೇಳುವುದಕ್ಕೆ ಯಾವ ಹುಡುಗನಿಗೂ ಕಷ್ಟವಿಲ್ಲ, ಏಕೆಂದರೆ ತಾನು ಕೆಟ್ಟವನೆಂದು ಯಾರೂ ಎಣಿಸುವುದಿಲ್ಲ. ಗೆಳೆಯ ಕಳುಹಿಸಿದ ಚಿತ್ರವನ್ನು ಕಂಡು 'ಇದು ಸರಿಯಲ್ಲ' ಎನ್ನುವುದಕ್ಕೆ ಮಾತ್ರ ಎದೆಗಾರಿಕೆ ಬೇಕು.

ಈ ವಿಷಯದಲ್ಲಿ ಅಮೆರಿಕದ ಅನುಭವವನ್ನು ಕ್ರೈಸ್ತರಾದ ನಾವು ವಿಶೇಷವಾಗಿ ಗಮನಿಸಬೇಕು. ಅಲ್ಲಿ 1993ರಲ್ಲಿ ಬ್ಯಾಪ್ಟಿಸ್ಟ್ ಸಭೆಯವರು, ಮದುವೆಯವರೆಗೆ ಶುದ್ಧರಾಗಿರುವೆವೆಂದು ತರುಣ ತರುಣಿಯರಿಂದ ಕಾರ್ಡಿನ ಮೇಲೆ ಸಹಿ ಹಾಕಿಸುವ ಆಂದೋಲನವನ್ನು ಆರಂಭಿಸಿದರು. ಮರುವರ್ಷ ವಾಷಿಂಗ್ಟನ್ನಿನ ಹುಲ್ಲುಹಾಸಿನ ಮೇಲೆ ಎರಡು ಲಕ್ಷಕ್ಕೂ ಮೀರಿದ ಕಾರ್ಡುಗಳನ್ನು ನೆಟ್ಟು ಪ್ರದರ್ಶಿಸಿದರು. ಅದು ಬ್ರಹ್ಮಚರ್ಯದ ಪ್ರತಿಜ್ಞೆಯೇ ಹೊರತು ಹಿಂಸೆಯ ವಿರುದ್ಧದ ಪ್ರತಿಜ್ಞೆಯಲ್ಲ ಎಂಬ ವ್ಯತ್ಯಾಸವನ್ನು ಮರೆಯಬಾರದು. ಆದರೆ ಹದಿಹರೆಯದವರ ಪ್ರತಿಜ್ಞೆ ಹೇಗೆ ಕೆಲಸ ಮಾಡುತ್ತದೆಂಬುದನ್ನು ಇಷ್ಟು ಚೆನ್ನಾಗಿ ಪರೀಕ್ಷಿಸಿ ನೋಡಿದ ಉದಾಹರಣೆಗಳು ವಿರಳ. ಪೀಟರ್ ಬೇರ್‌ಮನ್ ಮತ್ತು ಹನ್ನಾ ಬ್ರೂಕ್ನರ್ ಎಂಬ ಸಮಾಜಶಾಸ್ತ್ರಜ್ಞರು 2001ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಪ್ರತಿಜ್ಞೆ ಮಾಡಿದವರಲ್ಲಿ ಸರಾಸರಿ ಒಂದೂವರೆ ವರ್ಷದ ಸಂಯಮ ಕಂಡುಬಂತು. ಆದರೆ ಶಾಲೆಯಲ್ಲಿ ಪ್ರತಿಜ್ಞೆ ಮಾಡಿದವರ ಪ್ರಮಾಣ ನೂರಕ್ಕೆ ಮೂವತ್ತನ್ನು ದಾಟಿದಲ್ಲಿ ಆ ಪರಿಣಾಮ ಅಳಿಸಿಹೋಗಿತ್ತು! ಸ್ವಂತ ಇಚ್ಛೆಯಿಂದ ಕೆಲವರು ಕೈಗೊಂಡಾಗ ಅದು ಅವರ ಗುರುತಾಗಿತ್ತು, ಹೆಮ್ಮೆಯಾಗಿತ್ತು. ಎಲ್ಲರ ಕೊರಳಿಗೂ ಬಿದ್ದಾಗ ಅದು ಸಮವಸ್ತ್ರವಾಯಿತು. 2009ರಲ್ಲಿ ಜಾನೆಟ್ ರೋಸೆನ್‌ಬಾಮ್ ಎಂಬ ಸಂಶೋಧಕಿ ತೋರಿಸಿಕೊಟ್ಟ ಇನ್ನೊಂದು ಸಂಗತಿಯಿದೆ. ಪ್ರತಿಜ್ಞೆ ಮಾಡಿದ ಐದು ವರ್ಷಗಳ ಬಳಿಕ ವಿಚಾರಿಸಿದಾಗ, ನೂರರಲ್ಲಿ 82 ಮಂದಿ ತಾವು ಅಂತಹ ಪ್ರತಿಜ್ಞೆಯನ್ನು ಮಾಡಿಯೇ ಇಲ್ಲವೆಂದರು.

ಇದೇ ಪಾಠವನ್ನು ನಮ್ಮ ಧರ್ಮಸಭೆಯು ಅದಕ್ಕೂ ಒಂದು ಶತಮಾನ ಮೊದಲೇ ಮದ್ಯಪಾನದ ವಿಷಯದಲ್ಲಿ ಕಲಿತಿತ್ತು. ಐರ್ಲೆಂಡಿನಲ್ಲಿ 1838ರಿಂದ ಕಪುಚಿನ್ ಗುರು ವಂ. ಥಿಯೋಬಾಲ್ಡ್ ಮ್ಯಾಥ್ಯೂರವರು ಊರೂರು ಸುತ್ತಿ, ಬಯಲುಗಳಲ್ಲಿ ನೆರೆದ ಲಕ್ಷೋಪಲಕ್ಷ ಜನರಿಂದ ಮದ್ಯ ಮುಟ್ಟೆವೆಂಬ ಮಾತು ಪಡೆದರು. ಕ್ಷಾಮ ಬಂದು, ಅವರ ಕಾಲವೂ ಮುಗಿದ ಮೇಲೆ ಆ ಮಹಾ ಅಲೆ ಇಳಿದುಹೋಯಿತು. 1898ರಲ್ಲಿ ಯೇಸುಸಭೆಯ ವಂ. ಜೇಮ್ಸ್ ಕಲನ್‌ರವರು ಅದೇ ಕಾರ್ಯವನ್ನು ಪುನಃ ಕೈಗೆತ್ತಿಕೊಂಡಾಗ ಬಯಲಿಗೆ ಹೋಗಲಿಲ್ಲ. ಕೇವಲ ನಾಲ್ವರು ಮಹಿಳೆಯರೊಡನೆ ಪ್ರಾರಂಭಿಸಿದರು. ಪರೀಕ್ಷಾವಧಿ ಇತ್ತು, ಎದೆಯ ಮೇಲೆ ಯೇಸುವಿನ ಪವಿತ್ರ ಹೃದಯದ ಚಿಹ್ನೆ ಇತ್ತು, ಮಾತು ಕೊಟ್ಟವರು ಒಬ್ಬರನ್ನೊಬ್ಬರು ಬಲ್ಲವರಾಗಿದ್ದರು. ಆ ಸಂಘ ಇಂದಿಗೂ ಬದುಕಿದೆ.

ಪೇತ್ರನ ಪ್ರಸಂಗವನ್ನು ಇಲ್ಲಿ ನೆನೆಯದಿರಲಾಗದು. ಮಿಕ್ಕವರೆಲ್ಲರೂ ಬಿಟ್ಟುಹೋದರೂ ತಾನು ಪ್ರಭುವನ್ನು ತೊರೆಯೆನೆಂದು ಆತ ಭೋಜನದ ರಾತ್ರಿ ಆಡಿದ ಮಾತು ಕಪಟದ್ದಲ್ಲ. ಆದರೆ ಕೆಲವೇ ಗಂಟೆಗಳಲ್ಲಿ, ಮಹಾಯಾಜಕನ ಅಂಗಳದಲ್ಲಿ ಚಳಿಕಾಯಿಸುತ್ತ ನಿಂತಿದ್ದ ಪರಿವಾರದ ನಡುವೆ, ದಾಸಿಯೊಬ್ಬಳ ಪ್ರಶ್ನೆಗೆ ಅದು ಕರಗಿಹೋಯಿತು. ಸಂಗಾತಿಗಳ ನಡುವೆ ಕೊಟ್ಟ ಮಾತು ಇತರರ ನಡುವೆ ನಿಲ್ಲಲಿಲ್ಲ. ನಮ್ಮ ಹದಿನೈದು ವರ್ಷದ ಹುಡುಗ ಪೇತ್ರನಿಗಿಂತ ಗಟ್ಟಿಗನೆಂದು ನಂಬಿ ಯೋಜನೆ ಹೂಡುವುದು ವಿವೇಕವಲ್ಲ.

ಹಾಗಾದರೆ ಫಲ ಕೊಡುವುದೇನು? ನ್ಯೂಯಾರ್ಕ್ ನಗರದ 30 ಸರಕಾರಿ ಶಾಲೆಗಳಲ್ಲಿ, ಆರು ಮತ್ತು ಏಳನೆಯ ತರಗತಿಗಳ ಮಕ್ಕಳ ನಡುವೆ ನಡೆದ ಪ್ರಯೋಗವೊಂದರ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಕೆಲವು ಶಾಲೆಗಳಲ್ಲಿ ತರಗತಿಯ ಪಾಠ ಮಾತ್ರ ನಡೆಯಿತು. ಬೇರೆ ಕೆಲವು ಶಾಲೆಗಳಲ್ಲಿ ಕಟ್ಟಡದ ಮಟ್ಟದಲ್ಲಿ ಕ್ರಮ ಕೈಗೊಂಡರು; ಇನ್ನು ಕೆಲವೆಡೆ ಎರಡನ್ನೂ ಜೋಡಿಸಿದರು. ಕಟ್ಟಡದ ಕ್ರಮವೆಂದರೆ, ಮಕ್ಕಳ ಕೈಗೇ ಶಾಲೆಯ ನಕ್ಷೆಯನ್ನು ಕೊಟ್ಟು, ಯಾವ ಜಾಗದಲ್ಲಿ ಭಯವಾಗುತ್ತದೆಂದು ಗುರುತಿಸಲು ಹೇಳುವುದು. ಹಾಗೆ ಗುರುತಾದ ಮೆಟ್ಟಿಲು, ಓಣಿ, ಮೂಲೆಗಳಲ್ಲಿ ಶಿಕ್ಷಕರು ನಿಲ್ಲುವುದು. ಮತ್ತೊಬ್ಬರನ್ನು ಪೀಡಿಸಿದ ವಿದ್ಯಾರ್ಥಿಯಿಂದ, ಇಂಥವರ ಬಳಿ ಇಂತಿಂಥದನ್ನು ಮಾಡುವುದಿಲ್ಲವೆಂಬ ಲಿಖಿತ ಒಪ್ಪಂದವನ್ನೂ ಪಡೆಯಲಾಗುತ್ತಿತ್ತು. ಬರಿಯ ತರಗತಿಯ ಪಾಠದಿಂದ ಹೇಳಿಕೊಳ್ಳುವಂತಹ ಫಲ ದೊರೆಯಲಿಲ್ಲ; ಕಟ್ಟಡದ ಕ್ರಮವಿದ್ದಲ್ಲಿ ಪೀಡನೆ ಇಳಿಯಿತು. ಆ ಲಿಖಿತ ಒಪ್ಪಂದವೂ ಒಂದು ಬಗೆಯ ಪ್ರತಿಜ್ಞೆಯೇ ಎಂಬುದನ್ನು ಗಮನಿಸಬೇಕು. ಆದರೆ ಅದರಲ್ಲಿ ಮಾತು ಕೊಟ್ಟವನ ಹೆಸರಿತ್ತು, ಯಾರ ವಿಷಯದಲ್ಲಿ ಕೊಟ್ಟನೆಂಬುದಿತ್ತು, ಪಾಲಿಸಿದನೇ ಎಂದು ನೋಡುವ ಕಣ್ಣುಗಳಿದ್ದವು. ನಮ್ಮ ದೇಶದಲ್ಲೇ, ಹರಿಯಾಣದ ಸರಕಾರಿ ಶಾಲೆಗಳಲ್ಲಿ ಮೂರು ವಾರಕ್ಕೊಮ್ಮೆ ಮುಕ್ಕಾಲು ಗಂಟೆಯಂತೆ ಎರಡೂವರೆ ವರ್ಷ ಹುಡುಗ ಹುಡುಗಿಯರನ್ನು ಕೂಡಿಸಿ ಚರ್ಚೆ ನಡೆಸಿದಾಗ ಅವರ ಮನೋಭಾವ ಬದಲಾದದ್ದು ಕಂಡುಬಂದಿದೆ. ಎರಡೂವರೆ ವರ್ಷ! ಒಂದು ಸೋಮವಾರದ ಬೆಳಗಿನ ಎರಡು ನಿಮಿಷಗಳಲ್ಲ.

ನಮ್ಮ ಮನೆಗಳ ಮಾತಿಗೆ ಬರೋಣ. ಜುಲೈ 6ರಂದು ಹಬ್ಬವನ್ನಾಚರಿಸುವ ಸಂತ ಮರಿಯಾ ಗೊರೆಟ್ಟಿಯ ಕಥೆಯನ್ನು ಕ್ರಿಸ್ತೋಪದೇಶದ ತರಗತಿಯಲ್ಲಿ ಕೇಳದವರು ವಿರಳ. 1902ರಲ್ಲಿ, ಹನ್ನೊಂದರ ಹರೆಯದಲ್ಲಿ, ಶೀಲವನ್ನು ಕಾಯ್ದುಕೊಂಡು ಇರಿತಕ್ಕೊಳಗಾದ ಆ ಬಾಲಕಿಯನ್ನು ನಾವು ಹೆಣ್ಣುಮಕ್ಕಳಿಗೆ ಆದರ್ಶವಾಗಿ ತೋರಿಸುತ್ತ ಬಂದಿದ್ದೇವೆ. ಇರಿದವನ ವಿಷಯವನ್ನು ಗಂಡುಮಕ್ಕಳಿಗೆ ಎಷ್ಟು ಹೇಳಿದ್ದೇವೆ? ಅಲೆಸ್ಸಾಂದ್ರೊ ಸೆರೆನೆಲ್ಲಿಗೆ ಆಗ ಇಪ್ಪತ್ತು ವರ್ಷ. ಹೊರಗಿನವನಲ್ಲ, ಒಂದೇ ಸೂರಿನಡಿ ವಾಸಿಸುತ್ತಿದ್ದ ಕುಟುಂಬದವನು. ಅದಕ್ಕೆ ಮುಂಚೆಯೂ ಆಕೆಯನ್ನು ಪೀಡಿಸಿ, ಹೇಳಿದರೆ ಕೊಲ್ಲುವೆನೆಂದು ಬೆದರಿಸಿದ್ದನೆಂದೂ, ಬಾಲಕಿ ಅಂಜಿ ಬಾಯಿ ಬಿಡಲಿಲ್ಲವೆಂದೂ ಆಕೆಯ ಚರಿತ್ರೆಗಳು ತಿಳಿಸುತ್ತವೆ. ಈ ಭಾಗವನ್ನು ದಾಟಿಸಿ, ಶೀಲದ ಭಾರವನ್ನೆಲ್ಲ ಹೆಣ್ಣುಮಗುವಿನ ಹೆಗಲಿಗೇರಿಸಿ ಕಥೆ ಮುಗಿಸುವ ರೂಢಿಯನ್ನು ಇನ್ನಾದರೂ ಬಿಡಬೇಕು. ಆತ ಇಪ್ಪತ್ತೇಳು ವರ್ಷ ಸೆರೆವಾಸ ಅನುಭವಿಸಿ, ಪಶ್ಚಾತ್ತಾಪಪಟ್ಟು, ಕಪುಚಿನ್ನರ ಮಠದಲ್ಲಿ ಕೆಲಸಗಾರನಾಗಿ ಬಾಳಿದ್ದನ್ನೂ ಹುಡುಗರು ತಿಳಿಯಲಿ.

ಗಂಡುಮಕ್ಕಳನ್ನು ಸಾಲಾಗಿ ನಿಲ್ಲಿಸಿ ಪ್ರತಿಜ್ಞೆ ಹೇಳಿಸುವಾಗ ಮರೆತುಹೋಗುವ ಇನ್ನೊಂದು ಸತ್ಯವಿದೆ. ಕೇಂದ್ರ ಸರಕಾರವು 2007ರಲ್ಲಿ 13 ರಾಜ್ಯಗಳ 12,447 ಮಕ್ಕಳನ್ನು ವಿಚಾರಿಸಿ ಪ್ರಕಟಿಸಿದ ಅಧ್ಯಯನದಲ್ಲಿ, ಅರ್ಧಕ್ಕೂ ಹೆಚ್ಚು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ಪೀಡನೆಯನ್ನು ಅನುಭವಿಸಿದ್ದಾಗಿ ಹೇಳಿದ್ದರು. ಅವರಲ್ಲಿ ಗಂಡುಮಕ್ಕಳದ್ದೇ ಅರ್ಧಕ್ಕೆ ಮೀರಿದ ಪಾಲು. ಪೀಡಿಸಿದವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಪರಿಚಿತರು, ನಂಬಿಕೆಗೆ ಪಾತ್ರರಾಗಿದ್ದವರು. ಅಂದಮೇಲೆ, ಕೈಚಾಚಿ ನಿಂತ ಆ ಸಾಲಿನಲ್ಲಿ ನೊಂದ ಹುಡುಗರೂ ಇದ್ದಾರೆ. ನಾಳೆಯ ಅಪರಾಧಿಯೆಂದು ಎಣಿಸಿ ಮಾತು ಪಡೆಯುತ್ತೇವೆಯೇ ಹೊರತು, ನಿನಗೇನಾದರೂ ಆಗಿದೆಯೇ ಮಗೂ ಎಂದು ಆತನನ್ನು ಯಾರೂ ಕೇಳುವುದಿಲ್ಲ.

ಆದ್ದರಿಂದ ಪ್ರತಿಜ್ಞೆ ಬೇಕೆಂದಾದರೆ ಅದು ಮೊದಲು ದೊಡ್ಡವರಿಂದ ಬರಬೇಕೆಂಬುದು ನಮ್ಮ ಅಭಿಪ್ರಾಯ. ವ್ರತ ಕೈಗೊಂಡವರಿಂದಲೇ ಮಕ್ಕಳಿಗಾದ ಅನ್ಯಾಯವನ್ನು ನಮ್ಮ ಧರ್ಮಸಭೆಯು ನಾಚಿಕೆಯಿಂದ ಕಂಡಿದೆ. ಅಮೆರಿಕದಲ್ಲಿ 1950ರಿಂದ 2002ರವರೆಗಿನ ಅವಧಿಯಲ್ಲಿ 4,392 ಗುರುಗಳ ಮೇಲೆ ಆರೋಪಗಳು ಬಂದಿದ್ದವೆಂದು, ಅಲ್ಲಿನ ಬಿಷಪರೇ ಮಾಡಿಸಿದ ಅಧ್ಯಯನ 2004ರಲ್ಲಿ ಹೊರಗೆಡಹಿತು. ಅಪರಾಧಕ್ಕಿಂತಲೂ ಅದನ್ನು ಮುಚ್ಚಿಟ್ಟದ್ದು ಭಕ್ತರ ಮನಸ್ಸನ್ನು ಹೆಚ್ಚು ಕದಡಿತು. ಇಂತಹ ಸಂಗತಿ ತಿಳಿದುಬಂದ ಗುರುಗಳೂ ಧರ್ಮಭಗಿನಿಯರೂ ಧರ್ಮಸಭೆಯ ಅಧಿಕಾರಿಗಳಿಗೆ ವರದಿ ಮಾಡಲೇಬೇಕೆಂದು ಪೋಪ್ ಫ್ರಾನ್ಸಿಸರು 2019ರಲ್ಲಿ ಆಜ್ಞೆ ಹೊರಡಿಸಿದರು. ನಮ್ಮ ದೇಶದ ಕಾನೂನಂತೂ ಅದಕ್ಕೂ ಮೊದಲಿನದು. 2012ರ ನವೆಂಬರ್ 14ರಿಂದ ಜಾರಿಯಲ್ಲಿರುವ ಪೋಕ್ಸೋ ಕಾಯ್ದೆಯ ಪ್ರಕಾರ, ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದುದನ್ನು ಬಲ್ಲ ಯಾರೇ ಆದರೂ ಪೊಲೀಸರಿಗೆ ತಿಳಿಸಬೇಕು. ತನ್ನ ಕೈಕೆಳಗಿನವರ ಅಪರಾಧವನ್ನು ತಿಳಿಸದ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಸೆರೆವಾಸವುಂಟು. ಈ ಕಾಯ್ದೆಯ ಅರಿವನ್ನು ಒಂಬತ್ತನೆಯ ತರಗತಿಯಿಂದಲೇ ಮಕ್ಕಳಿಗೆ ಮೂಡಿಸಬೇಕೆಂದು ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠವು 2022ರಲ್ಲಿ ಸೂಚಿಸಿತು. ಆದರೂ ಶಾಲೆಯ ಹೆಸರು ಕೆಡುತ್ತದೆ, ಹುಡುಗಿಗೆ ಮುಂದೆ ಸಂಬಂಧ ಕೂಡಿಬರುವುದಿಲ್ಲ, ಆತ ನಮ್ಮ ವಾಳೆಯವನೇ ಅಲ್ಲವೇ ಎಂಬ ಮಾತುಗಳು ನಮ್ಮ ನಡುವೆ ನಿಂತಿಲ್ಲ.

ನಮ್ಮ ಶಾಲೆಗಳ ಆಡಳಿತ ಮಂಡಳಿಗಳಿಗೆ ಇದು ಅಸಾಧ್ಯವಾದ ಕೆಲಸವಲ್ಲ. ವೈ.ಸಿ.ಎಸ್. ಘಟಕಗಳು ಹಲವು ಪ್ರೌಢಶಾಲೆಗಳಲ್ಲಿವೆ. ನೋಡು, ವಿವೇಚಿಸು, ಕಾರ್ಯಗೈ ಎಂಬ ಅವುಗಳ ಕ್ರಮ ಈ ವಿಷಯಕ್ಕೆ ಹೇಳಿ ಮಾಡಿಸಿದಂತಿದೆ. ಹತ್ತೋ ಹದಿನೈದೋ ಹುಡುಗರು ತಾವಾಗಿಯೇ ಕುಳಿತು, ತಮ್ಮ ಮಾತುಗಳಲ್ಲೇ ಪ್ರತಿಜ್ಞೆಯನ್ನು ಬರೆದುಕೊಂಡು, ತಿಂಗಳಿಗೊಮ್ಮೆ ಅದರ ಲೆಕ್ಕ ಒಪ್ಪಿಸಲಿ. ಮಿಕ್ಕ ನಾನೂರು ಮಂದಿಯಿಂದ ಬಲವಂತವಾಗಿ ಹೇಳಿಸುವುದು ಬೇಡ. ಶಾಲೆಯ ನಕ್ಷೆಯನ್ನು ಮಕ್ಕಳ ಕೈಗೆ ಕೊಡುವುದಕ್ಕೆ ಖರ್ಚೇನೂ ಇಲ್ಲ. ದೂರು ಕೇಳುವ ಶಿಕ್ಷಕಿಯ ಹೆಸರೂ, ಮಕ್ಕಳ ಸಹಾಯವಾಣಿ 1098 ಎಂಬ ಸಂಖ್ಯೆಯೂ ನೋಟೀಸು ಬೋರ್ಡಿನಲ್ಲಿ ಮಾತ್ರವಲ್ಲ, ಶೌಚಾಲಯದ ಬಾಗಿಲ ಒಳಬದಿಯಲ್ಲೂ ಇರಲಿ. ಯಾರೂ ನೋಡದಂತೆ ಮಗು ಅದನ್ನು ಓದಬಲ್ಲ ಜಾಗ ಅದೊಂದೇ.

ಮಾತು ಕೊಡುವ ಸರದಿ ಮುಖ್ಯೋಪಾಧ್ಯಾಯರಿಗೂ, ಸಂಚಾಲಕರಾದ ಗುರುಗಳಿಗೂ, ಹೆತ್ತವರಿಗೂ ಬರಲಿ: ಮಗು ಹೇಳಿದ್ದನ್ನು ನಂಬುತ್ತೇವೆ, ಮುಚ್ಚಿಡುವುದಿಲ್ಲ, ಮನೆತನದ ಮಾನಕ್ಕಾಗಿ ರಾಜಿ ಮಾಡಿಸುವುದಿಲ್ಲ ಎಂದು ಮಕ್ಕಳೆದುರಿನಲ್ಲೇ ಹೇಳಲಿ. ಇದಕ್ಕೆ ಜೂನ್ ತಿಂಗಳಲ್ಲಿ ನಡೆಯುವ ರಕ್ಷಕ ಶಿಕ್ಷಕ ಸಂಘದ ಮೊದಲ ಸಭೆಯೇ ತಕ್ಕ ಸಂದರ್ಭ. ಆ ಸಭೆಗೆ ತಾಯಂದಿರೇ ಬರುವುದು ರೂಢಿ. ಈ ಸಲ ನೋಟೀಸಿನಲ್ಲಿ ತಂದೆ ಬರಲೇಬೇಕೆಂದು ಬರೆಯುವಂತೆ ಮುಖ್ಯೋಪಾಧ್ಯಾಯರನ್ನು ಕೋರುತ್ತೇವೆ.