ಪುಸ್ತಕ ಜೋಡಿಸೋದು ಆಟ ಅಲ್ಲ, ದೋಸ್ತರೇ (ಭಾಗ 7)

ಫೋಟೋದಾಗ ಕಾಣ್ತಿರೋ ಮೂರು ದಪ್ಪ ಪುಸ್ತಕ ನನ್ನವೇ. ಮೇಲಿನ ಡ್ರ್ಯಾಗನ್ ನೋಡಿ ಅವ್ವ, "ಇದು ಪರೀಕ್ಷಾಕ್ಕ ಬರ್ತದೇನು?" ಅಂತ ಕೇಳಿದ್ಲು. ನಾನು ಸುಮ್ಮನಾದೆ. ಇವತ್ತು ನಿಮ್ಮ ಮುಂದ ಉತ್ತರ ಹೇಳ್ತೀನಿ.

ಹೊಸದಾಗಿ ಫಾಲೋ ಮಾಡಿದವರಿಗೆ: ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂದ್ರ ಕುಂತು ಆಡೋ ಕಥೆಯ ಆಟ. ಒಬ್ಬರು ಕಥೆ ನಡೆಸ್ತಾರ, ಉಳಿದವರು ಒಂದೊಂದು ಪಾತ್ರ ಆಗ್ತಾರ. "ನಾನು ಗ್ವಾಡಿ ಹಾರ್ತೀನಿ" ಅಂದ್ರ ಇಪ್ಪತ್ತು ಮುಖದ ದಾಳ ಹಾಕಬೇಕು. ಹಾರಿದ್ರೋ, ಬಿದ್ರೋ ದಾಳ ಹೇಳ್ತದ. ಆಟದ ನಿಯಮ, ರಾಕ್ಷಸರು, ಊರು, ಮಂತ್ರ ಎಲ್ಲ ಇರೋ ಪುಸ್ತಕಗಳಿಗೆ ಸೋರ್ಸ್‌ಬುಕ್ ಅಂತಾರ.

ನಮ್ಮ ಗುಂಪು ಭಾನುವಾರ ವಾಡಿಯಲ್ಲಿ ಸೇರ್ತದ. ಸೇಡಂ, ಚಿತ್ತಾಪುರ, ಶಹಾಬಾದ್‌ನವರು ರೈಲಿಗೆ ಬರ್ತಾರ. ಹೋದ ವರ್ಷ ಚಿಂಚೋಳಿ ಕಡೆಯ ಒಬ್ಬ ಜೂನಿಯರ್ ನನ್ನ ಹತ್ರ ಬಂದು, "ಅಣ್ಣಾ, ನಾನೂ ಆಡ್ತೀನಿ, ಏನು ತರಬೇಕು?" ಅಂದ. ಅವರ ಊರಿಗೆ ರೈಲಿಲ್ಲ, ಬಸ್ಸೇ ಗತಿ. ನಾನು ದೊಡ್ಡವನ ಹಂಗ, "ಮೊದಲ ಮೂರು ಪುಸ್ತಕ ತಗೋ, ಆಮ್ಯಾಲ ಬಾ" ಅಂದೆ. ಆತ ನಕ್ಕು "ಆಯ್ತಣ್ಣಾ" ಅಂದ. ಮತ್ತೆ ಬರಲೇ ಇಲ್ಲ.

ಆ ನಗು ಯಾಕ ಅಂತ ನನಗ ತಿಳಿಯೋಕೆ ಒಂದು ವರ್ಷ ಬೇಕಾಯ್ತು.

ಬಿಕಾಂ ಓದೋರು ನಾವು, ಲೆಕ್ಕ ನೋಡೋಣ ಬರ್ರಿ. ಮೂರು ಪುಸ್ತಕಕ್ಕ ನಾನು ಹಾಕಿದ್ದು 9,400 ರೂಪಾಯಿ. ಅವನ್ನ ತೆಗೆದು ಆಡಿದ್ದು ನಾಲ್ಕೇ ಸಲ. ಒಂದು ಆಟಕ್ಕ 2,350 ರೂಪಾಯಿ ಬಿತ್ತು! ಅಂಗಡಿಯಾಗ ಇಂಥಾ ಮಾಲಿಗೆ ಡೆಡ್ ಸ್ಟಾಕ್ ಅಂತೀವಿ, ಕಪಾಟಿನ್ಯಾಗ ಇಟ್ರ ಮಾತ್ರ "ಕಲೆಕ್ಷನ್" ಅಂತೀವಿ. ದುಡ್ಡಿಲ್ಲದವರು ಕದ್ದ ಪಿಡಿಎಫ್ ಫೋಲ್ಡರ್ ತುಂಬಿಸಿಕೊಳ್ತಾರ. ಅದೂ ಅದೇ ರೋಗ. ಓದೋರು ಯಾರು?

ಆಟದ ಇತಿಹಾಸ ನೋಡಿದ್ರ ಇನ್ನೂ ನಾಚಿಕೆ ಆಗ್ತದ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಇದನ್ನ ಮೊದಲು ಹೊರಗ ತಂದಾಗ ಇದ್ದದ್ದು ಒಂದು ಡಬ್ಬಿ, ಮೂರು ಸಣ್ಣ ಕಿರುಪುಸ್ತಕ. ಮೊದಲ ಮುದ್ರಣ 1,000 ಪ್ರತಿ. ಉಳಿದದ್ದನ್ನ ಆಡೋರೇ ಕಟ್ಟಿಕೊಂಡ್ರು.

ಇವತ್ತು ಅಷ್ಟೂ ಖರ್ಚು ಬೇಕಿಲ್ಲ. 2023ರ ಶುರುವಿನಲ್ಲಿ ವಿಝರ್ಡ್ಸ್ ಆಫ್ ದ ಕೋಸ್ಟ್ ಕಂಪನಿ ಲೈಸೆನ್ಸ್ ಬಿಗಿ ಮಾಡೋಕೆ ಹೊರಟಿತ್ತು. ಜಗತ್ತಿನ ಆಟಗಾರರು ಸಿಟ್ಟಿಗೆದ್ರು. ಕಡೆಗೆ ಕಂಪನಿ ಹಿಂದೆ ಸರಿದು, ಮೂಲ ನಿಯಮಗಳ 400 ಪುಟದ ಎಸ್‌ಆರ್‌ಡಿ 5.1 ಅನ್ನ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್‌ನಲ್ಲಿ ಬಿಟ್ಟಿತು. ಹನ್ನೆರಡೂ ವರ್ಗದ ಪಾತ್ರ, ಮಂತ್ರ, ರಾಕ್ಷಸರು ಅದರಾಗ ಅದಾವ. ಪುಕ್ಕಟೆ, ಕಾನೂನುಬದ್ಧ. ಮೂಲದವರ ಹೆಸರು ಹಾಕಿ, ಲೈಸೆನ್ಸ್ ತಿಳಿಸಿ ಕನ್ನಡಕ್ಕ ಅನುವಾದ ಮಾಡಿದ್ರೂ ಯಾರೂ ಕೇಳಂಗಿಲ್ಲ.

ದಾಳ ಇಲ್ಲೇನು? 1ರಿಂದ 20ರವರೆಗೆ ಚೀಟಿ ಬರೆದು ಸ್ಟೀಲ್ ಡಬ್ಬಿಗೆ ಹಾಕ್ರಿ. ತೆಗೆದ ಚೀಟಿ ಪ್ರತಿ ಸಲ ವಾಪಸ್ ಹಾಕಬೇಕು. ಇಲ್ಲಾಂದ್ರ ಸಂಭವನೀಯತೆ ಬದಲಾಗ್ತದ, ಸ್ಟ್ಯಾಟಿಸ್ಟಿಕ್ಸ್ ಪಾಠ ನೆನಪದ ಅಲ್ಲ?

ಇನ್ನು ಊರು, ಕೋಟೆ, ರಹಸ್ಯ. ಅದಕ್ಕೂ ಮೂರು ಸಾವಿರದ ಪುಸ್ತಕ ಬೇಕೇನು? 1986ರಲ್ಲಿ ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ, ಚಂದ್ರಲಾಂಬಾ ಗುಡಿ ಆವರಣದ ಕಾಳಿ ಗುಡಿಯ ಚಾವಣಿ ಕುಸೀತು. ಆಗ ಅಶೋಕನ ಶಾಸನದ ಕಲ್ಲು ಬೆಳಕಿಗೆ ಬಂತು. ಶತಮಾನಗಳ ಕಾಲ ಅದು ಮೂರ್ತಿಗೆ ಪೀಠ ಆಗಿತ್ತು! ಇದಕ್ಕಿಂತ ಒಳ್ಳೆ ಶುರುವಾತು ಯಾವ ಸೋರ್ಸ್‌ಬುಕ್‌ನಾಗ ಅದ ತೋರಿಸ್ರಿ. ಸೇಡಂ ಹತ್ರ ಕಾಗಿಣಾ ದಂಡಿ ಮ್ಯಾಲ ಮಳಖೇಡ ಅದ, ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಶಹಾಬಾದ್‌ನ ಕಲ್ಲಿನ ಖಣಿ ಅದಾವ, ಚಿಂಚೋಳಿಯ ಕಾಡು ಅದ, ವಾಡಿ ಜಂಕ್ಷನ್‌ನ ರಾತ್ರಿ ಅದ. ನಾವು ಇವನ್ನ ಬಿಟ್ಟು, ಯಾರೋ ಬರೆದ ಹಿಮದ ಊರಿನ ನಕ್ಷೆ ಬಾಯಿಪಾಠ ಮಾಡ್ತೀವಿ.

ಪುಸ್ತಕ ಕೂಡಿಡೋದು ತಪ್ಪು ಅಂತ ನಾನು ಹೇಳಲ್ಲ. ಚಿತ್ರ ಚೆಂದ ಇರ್ತಾವ, ಹೊಸ ಕಾಗದದ ವಾಸನಿ ನನಗೂ ಇಷ್ಟ. ಗಳಿಸೋ ಕಾಲ ಬಂದಾಗ ನಾನೂ ಮತ್ತೊಂದು ತಗೋಬಹುದು. ಆದ್ರ ನಿಮ್ಮ ಕಪಾಟು ಇನ್ನೊಬ್ಬರ ಬಾಗಿಲಿಗೆ ಕೀಲಿ ಆಗಬಾರದು. ನನ್ನದು ಆಗಿತ್ತು.

ಈ ವರ್ಷ ಮುಗಿದ್ರ ನಾವು ಐದು ದಿಕ್ಕಿಗೆ ಹೋಗ್ತೀವಿ. ಒಬ್ಬರು ಬೆಂಗಳೂರು, ಒಬ್ಬರು ಹೈದರಾಬಾದ್, ಒಬ್ಬರು ಮನಿ ಅಂಗಡಿ. ಆಮ್ಯಾಲ ಪುಸ್ತಕ ಉಳೀತಾವ, ಕುಂತು ಆಡೋರು ಉಳಿಯಂಗಿಲ್ಲ.

ಅದಕ್ಕ ಈ ಭಾನುವಾರದಿಂದ ಹೊಸ ನಿಯಮ: ಯಾರೂ ಪುಸ್ತಕ ತರಬ್ಯಾಡ್ರಿ. ಒಂದು ನೋಟ್‌ಬುಕ್, ಒಂದು ಪೆನ್ ಸಾಕು. ಕಥೆ ಸನ್ನತಿಯಿಂದ ಶುರು. ನನ್ನ ಮೂರೂ ಪುಸ್ತಕ ನಡುವ ಇರ್ತಾವ, ಬೇಕಾದವರು ಮನಿಗೆ ಒಯ್ದು ಓದಿ ವಾಪಸ್ ಕೊಡ್ರಿ.

ಚಿಂಚೋಳಿಯ ತಮ್ಮಾ, ಇದನ್ನ ಓದಿದ್ರ: ತಪ್ಪು ನನ್ನದು. ಖಾಲಿ ಕೈಲೇ ಬಾ. ನಿನ್ನ ಬಸ್ ಬರೋ ತನಕ ಆಟ ಶುರು ಮಾಡಂಗಿಲ್ಲ.

ನಿಮ್ಮ ಊರಿನ ಯಾವ ಜಾಗ ಕಥಿಯಾಗ ಇರಬೇಕು? ಕಮೆಂಟ್ ಮಾಡ್ರಿ. ಭಾಗ 8ರಲ್ಲಿ ನಕ್ಷೆ ಹಾಕ್ತೀನಿ. 🎲

#ಭಾನುವಾರದಆಟ #ವಾಡಿಜಂಕ್ಷನ್ #ಸೇಡಂ #ಚಿತ್ತಾಪುರ #ಶಹಾಬಾದ್ #ಚಿಂಚೋಳಿ