ಕಥೆ ಗೊತ್ತಿದ್ದರೇನಂತೆ, ಮಾತು ನಮ್ಮದಾಗಲಿ



ವಿಡಿಯೋ ಗೇಮ್ ಒಂದರ ಮೊದಲ ಹತ್ತು ನಿಮಿಷ ನೋಡಿದರೆ ಸಾಕು, ಉಳಿದ ಇಪ್ಪತ್ತು ಗಂಟೆಯ ಕಥೆ ಹೇಳಿಬಿಡಬಹುದು! ಹಳ್ಳಿ ಸುಟ್ಟುಹೋಗುತ್ತದೆ, ಗುರು ಸಾಯುತ್ತಾನೆ, ಜತೆಗಿದ್ದವನೊಬ್ಬ ಮೋಸ ಮಾಡುತ್ತಾನೆ, ಕೊನೆಗೆ ದೊಡ್ಡ ರಾಕ್ಷಸನ ವಧೆ. 1985ರಲ್ಲಿ ಸೂಪರ್ ಮಾರಿಯೋ ರಾಜಕುಮಾರಿಯನ್ನು ಬಿಡಿಸಲು ಹೊರಟ. ಇವತ್ತಿಗೂ ಯಾರೋ ಯಾರನ್ನೋ ಬಿಡಿಸಲು ಹೊರಡುತ್ತಲೇ ಇದ್ದಾರೆ.

"ನಮ್ಮೂರು, ನಮ್ಮ ಹೀರೋ ಹಾಕಿದರೆ ಸರಿಹೋಗುತ್ತದೆ" ಎನ್ನುವವರಿದ್ದಾರೆ. ನಾನಿರುವ ನೈರೋಬಿಯಲ್ಲಿ ಅದೂ ಆಗಿದೆ. 2007ರಲ್ಲಿ ವೆಸ್ಲಿ ಕಿರಿನ್ಯಾ 'ಅಡ್ವೆಂಚರ್ಸ್ ಆಫ್ ನ್ಯಾಂಗಿ' ಮಾಡಿದರು. 2015ರಲ್ಲಿ 'ನೈರೋಬಿ ಎಕ್ಸ್' ಬಂತು. ಎಂಬಕಸಿಯ ಗಲ್ಲಿಗಳಲ್ಲಿ ದುಡ್ಡು ಕೊಟ್ಟು ಪ್ಲೇಸ್ಟೇಷನ್ ಆಡುವ ಹುಡುಗರಿಗೆ ತಮ್ಮ ಊರೇ ಪರದೆಯ ಮೇಲೆ ಬರುವುದು ಸಣ್ಣ ಮಾತಲ್ಲ. ಆದರೆ ಹಳೆಯ ಕಾಲದ ವಸ್ತುಗಳನ್ನು ಹುಡುಕುವ ನ್ಯಾಂಗಿ ನಡೆದದ್ದು 1996ರ 'ಟೂಂಬ್ ರೈಡರ್' ಹಾಕಿಕೊಟ್ಟ ದಾರಿಯಲ್ಲೇ. 'ನೈರೋಬಿ ಎಕ್ಸ್'ನಲ್ಲಿ ಅನ್ಯಗ್ರಹದವರು ನಗರದ ಮೇಲೆ ದಾಳಿ ಮಾಡುತ್ತಾರೆ, ನಾವು ಗುಂಡು ಹಾರಿಸಬೇಕು. ಊರು ಸ್ವಂತದ್ದು, ಅಚ್ಚು ಮಾತ್ರ ಎರವಲು. ನಾಳೆ ನಾವು ಕಿತ್ತೂರು ಚೆನ್ನಮ್ಮನನ್ನು ಇದೇ ಅಚ್ಚಿಗೆ ಎರಕ ಹೊಯ್ದರೆ ಆಗುವುದೂ ಇಷ್ಟೇ.

ಈ ಅಚ್ಚು ಯಾಕೆ ಮುರಿಯುತ್ತಿಲ್ಲ? ಸೋಮಾರಿತನ ಒಂದೇ ಕಾರಣವಲ್ಲ, ಖರ್ಚು ಕೂಡ. ಆಡುವವನಿಗೆ ಹತ್ತು ಕಡೆ ಎರಡೆರಡು ಆಯ್ಕೆ ಕೊಟ್ಟು, ಪ್ರತಿಯೊಂದಕ್ಕೂ ಬೇರೆ ದಾರಿ ಮಾಡುತ್ತಾ ಹೋದರೆ 1024 ಕೊನೆಗಳಾಗುತ್ತವೆ. ಅಷ್ಟನ್ನೂ ಬರೆದು, ಚಿತ್ರ ಮಾಡಿ, ಟೆಸ್ಟ್ ಮಾಡುವವರು ಯಾರು? ಹಾಗಾಗಿ ಎಲ್ಲ ದಾರಿಗಳನ್ನೂ ತಂದು ಅದೇ ರಾಕ್ಷಸನ ಮುಂದೆ ನಿಲ್ಲಿಸುತ್ತಾರೆ.

ಈ ಲೆಕ್ಕಕ್ಕೆ ನಮ್ಮ ಕರಾವಳಿಯವರು ಎಂದೋ ಉತ್ತರ ಕಂಡುಕೊಂಡಿದ್ದಾರೆ. ಅದೇ ತಾಳಮದ್ದಳೆ! ವೇಷವಿಲ್ಲ, ಕುಣಿತವಿಲ್ಲ, ಇರುವುದು ಹಾಡು ಮತ್ತು ಮಾತು. ವಾಲಿ ಸಾಯುತ್ತಾನೆಂದು ಎದುರು ಕೂತ ಮಕ್ಕಳಿಗೂ ಗೊತ್ತು. ಆದರೂ ಕಾಸರಗೋಡಿನ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಲು ಜನ ನಿದ್ದೆಗೆಟ್ಟು ಕೂರುತ್ತಿದ್ದರು. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಸರಿಯೇ ಎಂದು ವಾಲಿ ಇವತ್ತು ಹೇಗೆ ಕೇಳುತ್ತಾನೆ, ರಾಮ ಏನು ಹೇಳುತ್ತಾನೆ? ಕುತೂಹಲವೆಲ್ಲ ಅಲ್ಲಿ. ಕೊನೆ ಒಂದೇ ಆದ್ದರಿಂದ ಕಥೆ ಕವಲೊಡೆಯುವುದಿಲ್ಲ, ವಾದ ಮಾತ್ರ ದಿನವೂ ಹೊಸದು.

ಇದನ್ನು ಗೇಮ್ ಮಾಡಿ ನೋಡೋಣ. ಆಡುವವನೇ ಅರ್ಥಧಾರಿ. ಎದುರಾಳಿಯ ಮಾತು ಕೇಳಿಸಿಕೊಂಡು, ತಕ್ಕ ಉತ್ತರ ಆರಿಸಿ, ಸಭೆಯನ್ನು ತನ್ನ ಕಡೆಗೆ ಒಲಿಸಿಕೊಳ್ಳಬೇಕು. ಬರೀ ಮಾತಿನ ಗೇಮ್ ಯಾರು ಆಡುತ್ತಾರೆ ಅನ್ನಬೇಡಿ. ಎಸ್ಟೋನಿಯಾದಲ್ಲಿ ಹುಟ್ಟಿದ ತಂಡವೊಂದರ 'ಡಿಸ್ಕೋ ಎಲಿಸಿಯಮ್' (2019) ಮಾಮೂಲಿ ಕಾದಾಟವಿಲ್ಲದೆ, ಮಾತನ್ನೇ ನೆಚ್ಚಿ ಜಗತ್ತನ್ನು ಗೆದ್ದಿತು.

ಕೈಚಳಕಕ್ಕೆ ನಮ್ಮಲ್ಲಿ ಬರವಿಲ್ಲ. 1997ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಧ್ರುವ ಇಂಟರಾಕ್ಟಿವ್ 'ಫೋರ್ಜಾ'ದಂಥ ಹೆಸರಾಂತ ಗೇಮ್‌ಗಳಿಗೆ ಚಿತ್ರ ಮಾಡಿಕೊಟ್ಟಿತು. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಕೊಂಡುಕೊಂಡಿತು. ಬೆಂಗಳೂರಿನ ಕೈಗಳು ಬೇರೆಯವರ ಕಥೆಗೆ ಬಣ್ಣ ಹಚ್ಚುತ್ತಿವೆ. ತಪ್ಪೇನಲ್ಲ, ಆದರೆ ಅಷ್ಟಕ್ಕೇ ನಿಲ್ಲಬೇಕೇ?

ಹೊರನಾಡಿನಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಅಜ್ಜಿ ಕಥೆಗಿಂತ ಗೇಮ್ ಹತ್ತಿರ. ಅಲ್ಲಿ ಕನ್ನಡ ಕೇಳಿಸದಿದ್ದರೆ, ಕನ್ನಡ ಊಟದ ಮನೆಯ ನುಡಿಯಾಗಿ ಉಳಿದುಬಿಡುತ್ತದೆ. ವಾದದಲ್ಲಿ ಗೆಲ್ಲಬೇಕಾದರೆ ಭಾಷೆ ಬರಲೇಬೇಕು. ಇದಕ್ಕಿಂತ ಒಳ್ಳೆಯ ಕನ್ನಡ ಪಾಠ ಬೇಕೇ? ಪ್ರೋಗ್ರಾಂ ಬರೆಯಬಲ್ಲ ಇಬ್ಬರು, ಮಾತು ಬಲ್ಲ ಒಬ್ಬ ಅರ್ಥಧಾರಿ, ಕೆಲವು ತಿಂಗಳ ಶನಿವಾರ-ಭಾನುವಾರ. 'ವಾಲಿವಧೆ'ಯಿಂದಲೇ ಶುರು ಮಾಡೋಣ. ಯಾರು ಬರ್ತೀರಿ?